ದೇಹಚೇಷ್ಟೆಯೂ ಚಿತ್ತೈಕಾಗ್ರತೆಯೂ: ಸಖರಾಯಪಟ್ಟಣದ ಕೆರೆಯೇರಿಯ ನಿದರ್ಶನ

೧. ವಿಷಯಪ್ರವೇಶ

ಓದುವವನು ಅಲುಗಾಡದೆ ಕುಳಿತಿರಬೇಕು, ಮೈಯನ್ನು ದುಡಿಸಿದರೆ ಬುದ್ಧಿಗೆ ಸಲ್ಲತಕ್ಕ ಕಸುವು ವ್ಯಯವಾಗಿಹೋಗುವುದು ಎಂಬ ನಂಬಿಕೆ ವಿದ್ಯಾವಂತರಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಪಾಠದ ನಡುವೆ ಹುಡುಗನೊಬ್ಬನು ಎದ್ದು ಓಡಾಡಿದರೆ, ಚೇಷ್ಟೆ ಮಾಡಬೇಡವೆಂದು ಗದರಿಸುವುದು ಉಪಾಧ್ಯಾಯರ ವಾಡಿಕೆ. ಈ ಗದರಿಕೆಯಲ್ಲಿ ಒಂದು ಶಬ್ದದ ಚರಿತ್ರೆಯೇ ಅಡಗಿದೆ. ಸಂಸ್ಕೃತದಲ್ಲಿ ಚೇಷ್ಟೆಯೆಂದರೆ ಅಂಗಗಳ ಚಲನೆ, ಪ್ರಯತ್ನ, ವ್ಯಾಪಾರ. ನ್ಯಾಯಸೂತ್ರಕಾರನಾದ ಗೌತಮನು ಶರೀರದ ಲಕ್ಷಣವನ್ನು ಹೇಳುವಾಗ, ಚೇಷ್ಟೆಗೂ ಇಂದ್ರಿಯಗಳಿಗೂ ಅರ್ಥಗಳಿಗೂ ಆಶ್ರಯವಾದುದೇ ಶರೀರವೆಂದು ಹೇಳಿ, ಆ ಮೂರರಲ್ಲಿ ಚೇಷ್ಟೆಯನ್ನೇ ಮೊದಲು ಎಣಿಸಿದ್ದಾನೆ. ಕನ್ನಡದ ಬಳಕೆಯಲ್ಲಿಯಾದರೋ ಅದೇ ಶಬ್ದವು ಅರ್ಥಸಂಕೋಚವನ್ನು ಹೊಂದಿ, ತುಂಟತನವೆಂಬ ಒಂದೇ ಅರ್ಥದಲ್ಲಿ ಹೆಚ್ಚಾಗಿ ನಿಂತಿತು. ಶರೀರದ ಲಕ್ಷಣವೇ ಶರೀರದ ಅಪರಾಧವಾಯಿತು.

ಆದರೆ ಭಾಷೆಯು ತನ್ನ ಇನ್ನೊಂದು ಮೂಲೆಯಲ್ಲಿ ಹಳೆಯ ತಿಳಿವನ್ನು ಉಳಿಸಿಕೊಂಡೇ ಇದೆ. ಚುರುಕು ಎಂಬ ಮಾತು ಕೈಕಾಲಿಗೂ ಸಲ್ಲುವುದು, ಬುದ್ಧಿಗೂ ಸಲ್ಲುವುದು. ಮಂದನೆಂದರೆ ನಿಧಾನವಾಗಿ ನಡೆಯುವವನೂ ಹೌದು, ತಿಳಿವು ಸಾಲದವನೂ ಹೌದು. ಜಡ ಎಂಬ ಶಬ್ದವೂ ಹಾಗೆಯೇ ಎರಡು ಕಡೆಗೂ ಹೊಂದುತ್ತದೆ. ನಡೆ ಎಂದರೆ ಕಾಲಿನ ನಡಿಗೆ, ಬಾಳಿನ ಆಚಾರವೂ ಅದೇ. ಕೆಲಸಕ್ಕೆ ಹಿಂಜರಿಯುವವನನ್ನು ಕನ್ನಡಿಗರು ಮೈಗಳ್ಳನೆಂದು ಕರೆದರು. ಅವನು ಕದಿಯುವುದು ಪರರ ಸೊತ್ತನ್ನಲ್ಲ, ತನ್ನ ಮೈಯನ್ನೇ. ಮೈಯ ಚಲನೆಯನ್ನೂ ಮನಸ್ಸಿನ ಎಚ್ಚರವನ್ನೂ ಒಂದೇ ಮಾತಿನಿಂದ ಸೂಚಿಸುವ ಈ ರೂಢಿಯು ಬರಿಯ ಉಪಚಾರವೋ, ಅಥವಾ ಇದರ ಹಿಂದೆ ವಸ್ತುಸ್ಥಿತಿಯೊಂದು ಇರುವುದೋ ಎಂಬುದು ಇಲ್ಲಿಯ ವಿಚಾರ. ದಿನನಿತ್ಯದ ಮಿತವಾದ ದೇಹಚೇಷ್ಟೆಯು ಬಲವನ್ನು ಕಳೆಯದೆ ಬೆಳೆಸುತ್ತದೆ, ಚಿತ್ತವನ್ನು ಕದಡದೆ ನಿಲ್ಲಿಸುತ್ತದೆ ಎಂಬುದನ್ನು ಶಾಸ್ತ್ರದಿಂದಲೂ ಊರೊಂದರ ಬಾಳಿನಿಂದಲೂ ಈಚಿನ ಪರೀಕ್ಷೆಗಳಿಂದಲೂ ತೋರಿಸುವುದೇ ಈ ಲೇಖನದ ಪ್ರಯೋಜನ.

೨. ಶಾಸ್ತ್ರದ ಅಭಿಪ್ರಾಯ

ವ್ಯಾಯಾಮವೆಂದೊಡನೆ ಗರಡಿ, ಲೋಡು, ಸಾಮು, ಕುಸ್ತಿಗಳು ನೆನಪಿಗೆ ಬರುವುವು. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಬರುವ ಲಕ್ಷಣವು ಇದಕ್ಕಿಂತ ವಿಶಾಲವಾದುದು. ದೇಹಕ್ಕೆ ಸ್ಥೈರ್ಯವನ್ನೂ ಬಲವನ್ನೂ ಕೊಡುವ, ಮನಸ್ಸಿಗೆ ಒಪ್ಪುವ ಶರೀರಚೇಷ್ಟೆಯೇ ವ್ಯಾಯಾಮವೆಂದು ಅಲ್ಲಿ ಹೇಳಿ, ಅದನ್ನು ಮಾತ್ರೆಯರಿತು ಆಚರಿಸತಕ್ಕದ್ದೆಂದು ವಿಧಿಸಿದೆ. ಗರಡಿಯ ಹೆಸರೂ ಇಲ್ಲ, ಸಾಧನಗಳ ನಿಯಮವೂ ಇಲ್ಲ. ಮುಂದೆ ಅದರ ಫಲಗಳನ್ನು ಎಣಿಸುವಾಗ ಮೊದಲು ಬರುವುದು ಲಾಘವ, ಎಂದರೆ ಮೈ ಹಗುರವಾಗುವುದು, ಎರಡನೆಯದು ಕರ್ಮಸಾಮರ್ಥ್ಯ, ಬಳಿಕ ಸ್ಥೈರ್ಯ, ಕ್ಲೇಶವನ್ನು ತಾಳುವ ಶಕ್ತಿ, ದೋಷಗಳ ಇಳಿತ, ಜಠರಾಗ್ನಿಯ ವೃದ್ಧಿ. ಕೆಲಸ ಮಾಡಿದುದರಿಂದ ಕೆಲಸ ಮಾಡುವ ಶಕ್ತಿ ಬರುವುದೆಂಬುದು ಇಲ್ಲಿಯ ತಾತ್ಪರ್ಯ. ಬಲವೆಂಬುದು ಹಗೇವಿನಲ್ಲಿ ತುಂಬಿಟ್ಟ ರಾಗಿಯಂತೆ ತೆಗೆದಷ್ಟೂ ಕಡಿಮೆಯಾಗುವ ವಸ್ತುವಲ್ಲ, ಬಳಸಿದಷ್ಟೂ ಊರುವ ಬಾವಿಯ ಸೆಲೆಯಂಥದು ಎಂಬುದನ್ನು ಪ್ರಾಚೀನ ವೈದ್ಯರು ಕಂಡುಕೊಂಡಿದ್ದರು.

ಈ ಲಾಘವವೆಂಬ ಪದವನ್ನು ಯೋಗಶಾಸ್ತ್ರದೊಡನೆ ಹೋಲಿಸಿದರೆ ವಿಷಯವು ಇನ್ನೂ ಸ್ಫುಟವಾಗುವುದು. ಪತಂಜಲಿಯು ಚಿತ್ತವಿಕ್ಷೇಪಕ್ಕೆ ಕಾರಣವಾದ ಅಂತರಾಯಗಳನ್ನು ಎಣಿಸುತ್ತ ಆಲಸ್ಯವನ್ನೂ ಹೇಳಿದ್ದಾನೆ. ವ್ಯಾಸಭಾಷ್ಯವು ಆಲಸ್ಯವನ್ನು ವಿವರಿಸುವಾಗ, ಶರೀರ ಮತ್ತು ಚಿತ್ತ ಇವೆರಡರ ಗುರುತ್ವದಿಂದ ಉಂಟಾಗುವ ಅಪ್ರವೃತ್ತಿಯೇ ಆಲಸ್ಯವೆಂದಿದೆ. ಗುರುತ್ವವೆಂದರೆ ಭಾರ. ದೇಹದ ಭಾರವನ್ನೂ ಚಿತ್ತದ ಭಾರವನ್ನೂ ಭಾಷ್ಯಕಾರನು ಬೇರ್ಪಡಿಸಲಿಲ್ಲ. ಏಕಾಗ್ರತೆಗೆ ಅಡ್ಡಿಯಾದುದು ಗುರುತ್ವ, ವ್ಯಾಯಾಮದ ಮೊದಲ ಫಲವು ಲಾಘವ. ಎರಡು ಶಾಸ್ತ್ರಗಳನ್ನು ಒಟ್ಟಿಗಿಟ್ಟು ನೋಡಿದರೆ, ಒಂದು ಹೇಳಿದ ರೋಗಕ್ಕೆ ಇನ್ನೊಂದು ಮದ್ದನ್ನು ಹೇಳಿದಂತಾಗಿದೆ.

ಆದರೆ ಮೇಧೆಗೆ ಹಿತವಾದ ಚೇಷ್ಟೆ ಯಾವುದು? ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಇಪ್ಪತ್ತುನಾಲ್ಕನೆಯ ಅಧ್ಯಾಯವು ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವುದು. ಅಲ್ಲಿ ಮೈಯನ್ನು ದಣಿಸುವ ದಾರಿನಡಿಗೆಯನ್ನು ಒಂದಾಗಿಯೂ, ದೇಹಕ್ಕೆ ಅತಿಯಾದ ಪೀಡೆಯನ್ನುಂಟುಮಾಡದ ಚಂಕ್ರಮಣವನ್ನು ಬೇರೊಂದಾಗಿಯೂ ಹೇಳಿದೆ. ಚಂಕ್ರಮಣವೆಂದರೆ ಅತ್ತಿಂದಿತ್ತ ಹದವಾಗಿ ಅಡ್ಡಾಡುವುದು. ಅದು ಆಯುಸ್ಸು, ಬಲ, ಮೇಧೆ, ಅಗ್ನಿಗಳನ್ನು ಕೊಡುವುದಲ್ಲದೆ ಇಂದ್ರಿಯಗಳನ್ನು ಎಚ್ಚರಗೊಳಿಸುವುದೆಂದು ಸುಶ್ರುತನ ಮತ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಮೇಧೆಯನ್ನೂ ಇಂದ್ರಿಯಗಳ ಬೋಧನವನ್ನೂ ಹೇಳುವುದಕ್ಕೆ ಆಚಾರ್ಯನು ಆರಿಸಿಕೊಂಡುದು ಮಲ್ಲರ ಸಾಮನ್ನಲ್ಲ, ಎಲ್ಲರಿಗೂ ಸಾಧ್ಯವಾದ ಮೆಲುನಡಿಗೆಯನ್ನು. ಉಂಡ ಬಳಿಕ ನೂರು ಹೆಜ್ಜೆ ನಡೆದು ಎಡಮಗ್ಗುಲಾಗಿ ಒರಗಬೇಕೆಂಬ ವಿಧಿಯೂ ಅದೇ ಸಂಹಿತೆಯ ಸೂತ್ರಸ್ಥಾನದಲ್ಲಿದೆ. ಯೋಚನೆಯಲ್ಲಿ ಮುಳುಗಿ ಅಂಗಳದಲ್ಲಿ ಅತ್ತಿತ್ತ ತಿರುಗುವವನನ್ನು ಕುರಿತು, ಶತಪಥ ಹಾಕುತ್ತಿದ್ದಾನೆ ಎಂದು ಕನ್ನಡದಲ್ಲಿ ಆಡುವ ಮಾತು ಆ ನೂರು ಹೆಜ್ಜೆಗಳನ್ನು ಸ್ಮರಣೆಗೆ ತರುವುದು.

ಇದು ಕೇವಲ ವೈದ್ಯಗ್ರಂಥಗಳ ಮಾತಾಗಿ ಉಳಿಯಲಿಲ್ಲ. ಕ್ರಿ. ಶ. ಏಳನೆಯ ಶತಮಾನದ ಉತ್ತರಾರ್ಧದಲ್ಲಿ ನಾಳಂದೆಯಲ್ಲಿ ವ್ಯಾಸಂಗ ಮಾಡಿದ ಚೀನಾದ ಯಾತ್ರಿಕ ಇತ್ಸಿಂಗನು, ಭಾರತದ ಭಿಕ್ಷುಗಳೂ ಗೃಹಸ್ಥರೂ ದಿನದ ನಿಯತವಾದ ವೇಳೆಗಳಲ್ಲಿ ಅಡ್ಡಾಡುವ ಪದ್ಧತಿಯನ್ನು ತನ್ನ ಗ್ರಂಥದಲ್ಲಿ ವರ್ಣಿಸಿ, ಅದರಿಂದ ರೋಗವು ನೀಗಿ ಅನ್ನವು ಅರಗುವುದೆಂದಿದ್ದಾನೆ. ಕನ್ನಡನಾಡಿನಲ್ಲಿ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮಲ್ಲವಿನೋದದ ಪ್ರಕರಣವಿದ್ದು, ಅಲ್ಲಿ ಜಟ್ಟಿಗಳ ಅಭ್ಯಾಸಗಳನ್ನು ಹೇಳುವಾಗ ಭಾರ ಎತ್ತುವುದರೊಡನೆ ನಡಿಗೆ, ಈಜುಗಳನ್ನೂ ಸೇರಿಸಿದೆ. ಜಟ್ಟಿಗೂ ನಡಿಗೆ ಬೇಕಾಗಿತ್ತು; ಪಂಡಿತನಿಗೆ ಬೇಡವೆನ್ನುವುದಕ್ಕೆ ಆಧಾರವಿಲ್ಲ.

೩. ಸಖರಾಯಪಟ್ಟಣದ ನಿದರ್ಶನ

ಶಾಸ್ತ್ರದಲ್ಲಿ ಹೇಳಿದ ಮಿತಚೇಷ್ಟೆಯು ಊರಿನ ಬಾಳಿನಲ್ಲಿ ಹೇಗೆ ಹೆಣೆದುಕೊಂಡಿತ್ತೆಂಬುದಕ್ಕೆ ಕಡೂರು ತಾಲ್ಲೂಕಿನ ಸಖರಾಯಪಟ್ಟಣವು ಒಳ್ಳೆಯ ನಿದರ್ಶನ. ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ದಾರಿಯ ಮೇಲಿರುವ ಈ ಊರು, ಒಂದು ಕಡೆ ಬಾಬಾಬುಡನ್ ಗಿರಿಶ್ರೇಣಿಯ ಮಲೆನಾಡಿಗೂ ಇನ್ನೊಂದು ಕಡೆ ಕಡೂರಿನ ಬಯಲುಸೀಮೆಗೂ ನಡುವೆ ಹೊಸ್ತಿಲಿನಂತಿದೆ. ಇದು ರುಕ್ಮಾಂಗದರಾಯನ ರಾಜಧಾನಿಯಾಗಿತ್ತೆಂದು ಪ್ರತೀತಿ. ಊರಿಗೆ ಸಮೀಪದಲ್ಲಿ ಶಕುನಗಿರಿಯ ಬುಡಕ್ಕೆ ಅಯ್ಯನಕೆರೆಯೆಂಬ ಮಹಾತಟಾಕವಿದೆ. ಗಿರಿಶ್ರೇಣಿಯಿಂದ ಇಳಿಯುವ ಗೌರಿಹಳ್ಳದ ನೀರು ಇಲ್ಲಿ ನಿಂತು, ಮುಂದೆ ವೇದಾ ಎಂಬ ಹೊಳೆಯಾಗಿ ಹರಿದು, ಕಡೂರಿನ ಬಳಿ ಅವತಿಯನ್ನು ಕೂಡಿ ವೇದಾವತಿಯೆನಿಸುವುದು. ಕೆರೆಯನ್ನು ಕಟ್ಟಿಸಿದವನು ರುಕ್ಮಾಂಗದರಾಯನೆಂದೂ, ಹೊಯ್ಸಳರ ಕಾಲದಲ್ಲಿ, ಕ್ರಿ. ಶ. ೧೧೫೬ರಲ್ಲಿ, ಅದರ ಜೀರ್ಣೋದ್ಧಾರವಾಯಿತೆಂದೂ ಹೇಳುವರು.

ಇಂತಹ ಕೆರೆಯು ಒಮ್ಮೆ ಕಟ್ಟಿದ ಮಾತ್ರಕ್ಕೆ ನಿಲ್ಲತಕ್ಕದ್ದಲ್ಲ. ಹೂಳನ್ನು ತೆಗೆಯಬೇಕು, ಏರಿಗೆ ಮಣ್ಣು ಹಾಕಬೇಕು, ತೂಬನ್ನು ಕಾಯಬೇಕು. ಶಾಸನಗಳಲ್ಲಿ ಕಾಣುವ ಬಿತ್ತುವಟ್ಟ, ಕಟ್ಟುಕೊಡಗೆ ಮೊದಲಾದ ಭೂದಾನಗಳು ಕೆರೆಗಳ ಈ ಕೆಲಸಕ್ಕಾಗಿಯೇ ಏರ್ಪಟ್ಟುವು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ನೀರುಗಂಟಿಯೆಂಬ ಗ್ರಾಮಸೇವಕನಿಗೆ ಈ ಕಾವಲು ಒಪ್ಪಿಸಲ್ಪಟ್ಟಿತ್ತು. ಏರಿಯ ಮೇಲೆ ನಡೆಯುತ್ತ ಬಿಲ ಬಿದ್ದಿದೆಯೋ, ನೀರು ಜಿನುಗುತ್ತಿದೆಯೋ, ಕಾಲುವೆಯಲ್ಲಿ ಕಸ ಕಟ್ಟಿದೆಯೋ ಎಂದು ನೋಡುವುದು, ಸರದಿಯಂತೆ ಗದ್ದೆತೋಟಗಳಿಗೆ ನೀರು ತಿರುಗಿಸುವುದು ಅವನ ಕೆಲಸ. ಈ ಕೆಲಸದಲ್ಲಿ ನಡೆಯುವ ಕಾಲನ್ನೂ ನೋಡುವ ಕಣ್ಣನ್ನೂ ಬೇರೆ ಮಾಡಲಾಗದು. ಕುಳಿತಲ್ಲಿಂದ ಏರಿಯ ಒಸರು ಕಾಣದು. ನಡೆಯುತ್ತ ಮೈಮರೆತರೆ ನಡೆದೂ ಪ್ರಯೋಜನವಿಲ್ಲ. ದೇಹದ ಚಲನೆಯೂ ಚಿತ್ತದ ಅವಧಾನವೂ ಒಂದೇ ವೃತ್ತಿಯಲ್ಲಿ ಕೂಡಿದ ಬಗೆ ಇದು.

ಅಯ್ಯನಕೆರೆಯ ವಿಷಯವಾಗಿ ಒಂದು ಐತಿಹ್ಯವು ಬಳಕೆಯಲ್ಲಿದೆ. ಕೆರೆಯ ಅಧಿದೇವತೆಯು ಕಾವಲಿನವನಿಗೆ ಕಾಣಿಸಿಕೊಂಡು ಏರಿ ಒಡೆಯುವುದೆಂದು ತಿಳಿಸಿದಳಂತೆ. ಅರಸನಿಗೆ ಸುದ್ದಿ ಮುಟ್ಟಿಸಿ ತಾನು ಹಿಂದಿರುಗುವವರೆಗೆ ಒಡೆಯಬಾರದೆಂದು ಅವನು ಆಕೆಯಿಂದ ಮಾತು ಪಡೆದು ಓಡಿದನಂತೆ. ಆ ಮಾತನ್ನು ಕೇಳಿದ ಅರಸನು, ಇವನು ಮರಳದಿದ್ದರೆ ಕೆರೆ ಎಂದೆಂದಿಗೂ ಉಳಿಯುವುದೆಂದು ಬಗೆದು ಅವನನ್ನು ಕೊಲ್ಲಿಸಿದನಂತೆ. ಕಥೆಯ ಸತ್ಯಾಸತ್ಯ ಹೇಗಾದರೂ ಇರಲಿ; ಅದರಿಂದ ಎರಡು ಅಂಶಗಳು ಹೊರಡುವುವು. ಅಪಾಯವನ್ನು ಎಲ್ಲರಿಗಿಂತ ಮೊದಲು ಅರಿತವನು ಅರಮನೆಯಲ್ಲಿ ಕುಳಿತವನಲ್ಲ, ಏರಿಯ ಮೇಲೆ ನಡೆಯುತ್ತಿದ್ದವನು. ಊರಿನ ಬಾಳು ಆತನ ಮೈಯ ಮೇಲೆ ನಿಂತಿದ್ದರೂ, ಆ ಮೈಗೆ ಕುಳಿತವರು ಕೊಟ್ಟ ಬೆಲೆ ಅಲ್ಪ. ಈ ಎರಡನೆಯ ಅಂಶವು ಮುಂದಿನ ಶಂಕಾಸಮಾಧಾನದಲ್ಲಿ ಮತ್ತೆ ಬರುವುದು.

ಕಾವಲಿನವನ ಮಾತು ಹಾಗಿರಲಿ. ಈ ಸೀಮೆಯ ಯಾವ ಮನೆಯಲ್ಲಿಯೂ ಹಿಂದೆ ದಿನವೆಂಬುದು ದೇಹಚೇಷ್ಟೆಗಳ ಒಂದು ಸರಪಣಿಯಾಗಿತ್ತು. ಬೆಳಗಿನ ಜಾವದಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ರಾಗಿ ಬೀಸುವುದು, ಒನಕೆಯಿಂದ ಕುಟ್ಟುವುದು, ಬಾವಿಯಿಂದ ನೀರು ಸೇದುವುದು, ಕೊಟ್ಟಿಗೆ ಬಾಚುವುದು, ಹೊಲಕ್ಕೂ ತೋಟಕ್ಕೂ ಸಂತೆಗೂ ನಡೆದೇ ಹೋಗುವುದು ಇವೆಲ್ಲ ವ್ಯಾಯಾಮವೆಂಬ ಹೆಸರಿಲ್ಲದ ವ್ಯಾಯಾಮಗಳು. ಇಂದು ಹಿಟ್ಟಿನ ಗಿರಣಿಯೂ ನಲ್ಲಿಯೂ ಕೊಳವೆಬಾವಿಯ ಪಂಪೂ ಮೋಟಾರು ಬೈಕೂ ಆ ಕೆಲಸಗಳ ಬಹುಭಾಗವನ್ನು ವಹಿಸಿಕೊಂಡಿವೆ. ಇದರಿಂದ ಹೆಂಗಸರ ರಟ್ಟೆಗೆ ದೊರೆತ ಬಿಡುವನ್ನು ಹಳಿಯುವುದು ಸಲ್ಲದು. ಆದರೆ ಕೆಲಸದೊಡನೆ ತಾನಾಗಿ ಒದಗುತ್ತಿದ್ದ ಚಲನೆಯೂ ಹೋಯಿತೆಂಬುದನ್ನು ಮರೆಯುವಂತಿಲ್ಲ. ಹಿಂದೆ ಕೇಳದೆ ಬರುತ್ತಿದ್ದುದನ್ನು ಈಗ ಬುದ್ಧಿಪೂರ್ವಕವಾಗಿ ಸಂಪಾದಿಸಬೇಕಾಗಿದೆ.

೪. ಆಧುನಿಕ ಪರೀಕ್ಷೆಗಳು

ಶಾಸ್ತ್ರವಚನವು ಪ್ರತ್ಯಕ್ಷದೊಡನೆ ಸಂವಾದಿಯಾದರೆ ಅದರ ಪ್ರಾಮಾಣ್ಯವು ದೃಢವಾಗುವುದು. ೧೯೫೩ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯವಿಜ್ಞಾನಿಯೂ ಆತನ ಸಂಗಡಿಗರೂ ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಹೋಲಿಸಿ ನೋಡಿದ ಫಲಿತಾಂಶಗಳು ಪ್ರಕಟವಾದುವು. ದಿನವೆಲ್ಲ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿದು ಟಿಕೆಟ್ಟು ಕೊಡುವ ಕಂಡಕ್ಟರುಗಳಲ್ಲಿ ಹೃದ್ರೋಗವು ಕಡಿಮೆಯಿತ್ತು. ಇವರಾರೂ ವ್ಯಾಯಾಮಶಾಲೆಗೆ ಹೋದವರಲ್ಲ. ವ್ಯತ್ಯಾಸವೆಲ್ಲ ದಿನದ ಕೆಲಸದ ಬಗೆಯಲ್ಲಿತ್ತು.

ಬಲದ ವಿಷಯವಾಗಿ ೨೦೦೮ರಲ್ಲಿ ಪ್ರಕಟವಾದ, ಅಮೆರಿಕದ ಜಾರ್ಜಿಯ ವಿಶ್ವವಿದ್ಯಾಲಯದ ಪರೀಕ್ಷೆಯು ಹೆಚ್ಚು ಸ್ಪಷ್ಟವಾದುದು. ಸದಾ ದಣಿವೆಂದು ಹೇಳುತ್ತಿದ್ದ, ಕುಳಿತೇ ಕಾಲ ಕಳೆಯುತ್ತಿದ್ದ ೩೬ ಮಂದಿ ತರುಣರನ್ನು ಮೂರು ಪಂಗಡಗಳಾಗಿ ವಿಂಗಡಿಸಿ, ಎರಡು ಪಂಗಡಗಳವರಿಂದ ವಾರಕ್ಕೆ ಮೂರು ಸಲ, ಪ್ರತಿಸಲವೂ ೨೦ ನಿಮಿಷದಂತೆ ಆರು ವಾರಗಳ ಕಾಲ ವ್ಯಾಯಾಮ ಮಾಡಿಸಲಾಯಿತು. ಆ ಎರಡು ಪಂಗಡಗಳವರಲ್ಲಿಯೂ ಉತ್ಸಾಹವು ನೂರಕ್ಕೆ ೨೦ರಷ್ಟು ಏರಿತು. ದಣಿವಾದರೋ ಮಧ್ಯಮ ವ್ಯಾಯಾಮದವರಲ್ಲಿ ನೂರಕ್ಕೆ ೪೯ರಷ್ಟೂ, ಲಘುವ್ಯಾಯಾಮದವರಲ್ಲಿ ನೂರಕ್ಕೆ ೬೫ರಷ್ಟೂ ಇಳಿಯಿತು. ದಣಿದವನಿಗೆ ಹಗುರವಾದ ಚೇಷ್ಟೆಯೇ ಹೆಚ್ಚಿನ ಗುಣ ತೋರಿತೆಂಬುದು ಸುಶ್ರುತನ ಚಂಕ್ರಮಣವನ್ನು ನೆನಪಿಗೆ ತರುವುದು.

ಅದೇ ವಿಶ್ವವಿದ್ಯಾಲಯದ ಇನ್ನೊಂದು ಪರೀಕ್ಷೆ ಸಖರಾಯಪಟ್ಟಣದವರಿಗೆ ವಿಶೇಷವಾಗಿ ಸ್ವಾರಸ್ಯವೆನಿಸೀತು. ಏಕೆಂದರೆ ಅಯ್ಯನಕೆರೆಗೆ ನೀರು ಕೊಡುವ ಗಿರಿಗಳೇ, ಬಾಬಾಬುಡನ್ ಎಂಬ ಸಂತನು ಯಮನ್ ದೇಶದಿಂದ ಕಾಫಿಯ ಬೀಜವನ್ನು ತಂದು ಬಿತ್ತಿದನೆಂಬ ಪ್ರತೀತಿಯುಳ್ಳ ಗಿರಿಗಳು. ದಣಿವಿಗೆ ಮದ್ದೆಂದು ಮೊದಲು ನೆನಪಾಗುವುದೂ ಕಾಫಿಯೇ. ೨೦೧೭ರಲ್ಲಿ ಪ್ರಕಟವಾದ ಈ ಪರೀಕ್ಷೆಯಲ್ಲಿ, ನಿದ್ರೆ ಸಾಲದ ಕಾಲೇಜಿನ ತರುಣಿಯರಿಗೆ ಒಂದು ದಿನ ೫೦ ಮಿಲಿಗ್ರಾಂ ಕೆಫೀನನ್ನು ಕೊಟ್ಟು, ಇನ್ನೊಂದು ದಿನ ಹತ್ತು ನಿಮಿಷ ಸಾಧಾರಣ ವೇಗದಿಂದ ಮೆಟ್ಟಿಲು ಹತ್ತಿಸಿ ಇಳಿಸಿ ನೋಡಿದರು. ಮೆಟ್ಟಿಲು ಹತ್ತಿದ ಕೂಡಲೆ ತೋರಿದ ಹುರುಪು ಕೆಫೀನಿನಿಂದ ಬಂದುದಕ್ಕಿಂತ ಹೆಚ್ಚಾಗಿತ್ತು. ಆದರೆ ಅವಧಾನದಲ್ಲಿಯೂ ಜ್ಞಾಪಕಶಕ್ತಿಯಲ್ಲಿಯೂ ಎರಡರಿಂದಲೂ ಹೇಳಿಕೊಳ್ಳುವಷ್ಟು ಏಳಿಗೆ ಕಾಣಲಿಲ್ಲ. ನಿದ್ರೆಗೆ ನಡಿಗೆ ಬದಲಾಗದೆಂಬುದನ್ನು ಇದರಿಂದ ತಿಳಿಯಬೇಕು.

ಅವಧಾನಕ್ಕೆ ಸಾಕ್ಷ್ಯವು ಬೇರೆ ಕಡೆಗಳಿಂದ ದೊರೆತಿದೆ. ೨೦೦೯ರಲ್ಲಿ ಪ್ರಕಟವಾದ ಇಲಿನಾಯ್ ವಿಶ್ವವಿದ್ಯಾಲಯದ ಪರೀಕ್ಷೆಯೊಂದರಲ್ಲಿ, ಸುಮಾರು ಒಂಬತ್ತು ಹತ್ತು ವರ್ಷ ವಯಸ್ಸಿನ ೨೦ ಮಕ್ಕಳು ೨೦ ನಿಮಿಷ ನಡೆದ ಬಳಿಕ, ಸುಮ್ಮನೆ ಕುಳಿತಿದ್ದ ದಿನಕ್ಕಿಂತ ಅವಧಾನದ ಪ್ರಶ್ನೆಗಳಿಗೆ ಹೆಚ್ಚು ಸರಿಯಾಗಿ ಉತ್ತರ ಕೊಟ್ಟರು. ಓದಿ ಅರ್ಥ ಮಾಡಿಕೊಳ್ಳುವುದರಲ್ಲಿಯೂ ಮೇಲಾದರು. ೨೦೧೧ರಲ್ಲಿ ೧೨೦ ಮಂದಿ ವಯಸ್ಕರ ವಿಷಯವಾಗಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ವರ್ಷ ಕಾಲ ನಡಿಗೆಯನ್ನು ರೂಢಿಸಿಕೊಂಡವರ ಮೆದುಳಿನಲ್ಲಿ ಜ್ಞಾಪಕಕ್ಕೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಭಾಗವು ನೂರಕ್ಕೆ ಎರಡರಷ್ಟು ಬೆಳೆದುದು ಕಂಡಿತು. ನಡೆಯದೆ ಮೈ ಸಡಿಲಿಸುವ ಅಭ್ಯಾಸಗಳನ್ನು ಮಾತ್ರ ಮಾಡಿದವರಲ್ಲಿ ಅದು ಕುಗ್ಗಿತ್ತು. ೨೦೧೪ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು, ನಡೆಯುವಾಗ ಹೊಸ ಕಲ್ಪನೆಗಳು ಕುಳಿತಾಗಿನದಕ್ಕಿಂತ ಬಹಳ ಹೆಚ್ಚಾಗಿ ಹೊಳೆಯುವುವೆಂದೂ, ಒಂದೇ ಸರಿಯುತ್ತರವನ್ನು ಹುಡುಕುವ ಕೆಲಸಕ್ಕೆ ನಡಿಗೆಯು ಅಷ್ಟು ಅನುಕೂಲವಲ್ಲವೆಂದೂ ಪ್ರಕಟಿಸಿದರು. ಗ್ರಂಥಸಂಪಾದಕನು ಪಾಠಾಂತರದ ಊಹೆಯನ್ನು ನಡೆಯುತ್ತ ಮಾಡಿ, ಓಲೆಗಳೊಡನೆ ತಾಳೆ ನೋಡುವುದನ್ನು ಕುಳಿತು ಮಾಡುವುದು ಲೇಸೆಂದು ಇದರ ಫಲಿತಾರ್ಥ.

ಇದೆಲ್ಲ ಹೇಗೆ ಸಂಭವಿಸುವುದೆಂದರೆ: ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟಿರುವ ಮೆದುಳು, ದೇಹವು ವಿಶ್ರಾಂತಿಯಲ್ಲಿರುವಾಗ ವ್ಯಯಿಸುವ ಶಕ್ತಿಯಲ್ಲಿ ನೂರಕ್ಕೆ ಸುಮಾರು ೨೦ ಭಾಗವನ್ನು ಬಳಸುವುದು. ಮಾಂಸಖಂಡಗಳು ಚಲಿಸಿದಾಗ ಹೃದಯದ ಬಡಿತವೇರಿ ಮೆದುಳಿಗೂ ರಕ್ತವು ಹೆಚ್ಚಾಗಿ ಹರಿಯುವುದು; ಎಚ್ಚರವನ್ನುಂಟುಮಾಡುವ ರಸಗಳು ಸ್ರವಿಸುವುವು. ಮಾಂಸಖಂಡವು ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಳ್ಳುವುದರಿಂದ ಉಂಡ ಬಳಿಕ ಅದು ಅತಿಯಾಗಿ ಏರದು. ಚಲನೆಯು ನಿತ್ಯವಾದರೆ, ಜೀವಕೋಶಗಳೊಳಗೆ ಆಹಾರದಿಂದ ಶಕ್ತಿಯನ್ನು ತೆಗೆಯುವ ಮೈಟೊಕಾಂಡ್ರಿಯಗಳೆಂಬ ಸೂಕ್ಷ್ಮಾಂಗಗಳು ಹೆಚ್ಚುವುವು. ಪ್ರಾಚೀನರು ಅಗ್ನಿವೃದ್ಧಿಯೆಂದುದು ಇದೇ ಎಂದು ಸಾಧಿಸುವುದು ದುಡುಕಾದೀತು. ಆದರೆ ಇಬ್ಬರೂ ಬೆರಳು ತೋರಿದ ದಿಕ್ಕು ಒಂದೇ.

೫. ಶಂಕಾಸಮಾಧಾನ

ಇಲ್ಲಿ ಒಂದು ಶಂಕೆ ಹುಟ್ಟಬಹುದು. ದೇಹಚೇಷ್ಟೆಯಿಂದ ಬಲವೂ ಮೇಧೆಯೂ ಬೆಳೆಯುವುದಾದರೆ, ಹಗಲೆಲ್ಲ ಮಣ್ಣು ಹೊರುವ ಕೂಲಿಯವನು ಸಂಜೆಗೆ ಬಳಲಿ ಬೀಳುವುದೇಕೆ? ಇದಕ್ಕೆ ಸಮಾಧಾನವು ಮಾತ್ರೆಯೆಂಬ ಪದದಲ್ಲಿದೆ. ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ಸುಶ್ರುತನೂ ವಾಗ್ಭಟನೂ ವಿಧಿಸಿದ್ದಾರೆ. ಬಾಯಿಂದ ಉಸಿರಾಡುವಂತಾದರೆ ಅರ್ಧಬಲವು ಮುಗಿಯಿತೆಂದು ತಿಳಿಯಬೇಕೆಂಬುದು ಸುಶ್ರುತನ ಗುರುತು. ನಡೆಯುತ್ತ ಮಾತನಾಡಲು ಬರಬೇಕು, ಹಾಡಲು ಬರಬಾರದು, ಅದೇ ಮಧ್ಯಮ ವ್ಯಾಯಾಮವೆಂದು ಇಂದಿನ ವೈದ್ಯರು ಹೇಳುವುದು ಬಹುಮಟ್ಟಿಗೆ ಅದೇ ಗುರುತು. ಅತಿಯಾಗಿ ಮಾಡುವವನು, ಆನೆಯನ್ನು ಎಳೆಯಹೋದ ಸಿಂಹದಂತೆ ನಾಶವಾಗುವನೆಂದು ಚರಕಸಂಹಿತೆ ಎಚ್ಚರಿಸಿದೆ. ಕೂಲಿಯವನಿಗೆ ಅರ್ಧಬಲದಲ್ಲಿ ನಿಲ್ಲಿಸುವ ಸ್ವಾತಂತ್ರ್ಯವಿಲ್ಲ, ಹೊಟ್ಟೆತುಂಬ ಅನ್ನವೂ ಸಾಕಷ್ಟು ನಿದ್ರೆಯೂ ಹಲವು ವೇಳೆ ಇಲ್ಲ. ಅವನ ಬಳಲಿಕೆಗೆ ಚೇಷ್ಟೆ ಕಾರಣವಲ್ಲ, ಮಾತ್ರೆ ತಪ್ಪಿದುದು ಕಾರಣ. ಐತಿಹ್ಯದ ಅರಸನಂತೆ, ದುಡಿಯುವವನಿಗೆ ಶ್ರಮದ ಮಹಿಮೆಯನ್ನು ಬೋಧಿಸಿ ಕುಳಿತವನು ತಾನು ಕುಳಿತೇ ಇರುವುದು ಶಾಸ್ತ್ರದ ಆಶಯವಲ್ಲ. ಈ ವಿಧಿಯು ಹೆಚ್ಚಾಗಿ ಅನ್ವಯಿಸುವುದು ಕುಳಿತವನಿಗೆ.

ಸುಶ್ರುತನು ಇದನ್ನು ಮರೆಯಲಿಲ್ಲ. ಚರಕಸಂಹಿತೆಯು ಪ್ರಮೇಹಕ್ಕೆ ಕಾರಣಗಳನ್ನು ಹೇಳುವಾಗ ಕುಳಿತಿರುವ ಸುಖವನ್ನೂ ಮಲಗಿರುವ ಸುಖವನ್ನೂ ಮೊದಲಿಗೆ ಎಣಿಸಿದೆ. ಆ ರೋಗಕ್ಕೆ ಸುಶ್ರುತನು ಹೇಳಿದ ಉಪಾಯಗಳಲ್ಲಿ ಕೆರವೂ ಕೊಡೆಯೂ ಇಲ್ಲದೆ ನೂರು ಯೋಜನ ನಡೆಯುವುದು, ಹೊಲ ಉಳುವುದು, ಬಾವಿ ತೋಡುವುದು ಸೇರಿವೆ. ರೋಗಿಯ ಮೈಯೂ ನೆಟ್ಟಗಾಗಬೇಕು, ಊರಿಗೆ ನೀರೂ ಸಿಗಬೇಕು ಎಂಬಂತಿದೆ ಆ ಚಿಕಿತ್ಸೆ.

ಎರಡನೆಯ ಶಂಕೆ: ವಿದ್ವಾಂಸನಿಗೆ ವೇಳೆ ಎಲ್ಲಿದೆ? ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಪ್ರಕಟಿಸಿದ ಸೂಚನೆಗಳಂತೆ ವಯಸ್ಕರಿಗೆ ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಮಧ್ಯಮ ಚೇಷ್ಟೆ ಸಾಕು. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಆಗಬೇಕೆಂಬ ಹಿಂದಿನ ನಿಯಮವನ್ನೂ ಅದು ಕೈಬಿಟ್ಟಿದೆ. ಎಷ್ಟು ಸಣ್ಣ ಚಲನೆಯೂ ಲೆಕ್ಕಕ್ಕೆ ಸೇರುವುದು. ದಿನಕ್ಕೆ ಅರ್ಧ ಗಂಟೆಗಿಂತ ಕಡಿಮೆ ಬೇಡುವ ಈ ಮದ್ದಿಗೆ ವೇಳೆಯಿಲ್ಲವೆನ್ನುವುದು ಮೈಗಳ್ಳತನದ ಸಭ್ಯವಾದ ಹೆಸರು.

೬. ಉಪಸಂಹಾರ

ಇದುವರೆಗೆ ಹೇಳಿದುದರಿಂದ ಸಿದ್ಧವಾದುದಿಷ್ಟು: ದೇಹಚೇಷ್ಟೆಯು ವಿದ್ಯೆಗೆ ವಿರೋಧಿಯಲ್ಲ, ಅಂಗ. ಅದು ಮಿತವಾಗಿರಬೇಕು, ನಿತ್ಯವಾಗಿರಬೇಕು, ಸಾಧ್ಯವಾದ ಮಟ್ಟಿಗೆ ಬಾಳಿನ ಕೆಲಸದೊಡನೆಯೇ ಕೂಡಿರಬೇಕು. ಉಪಾಧ್ಯಾಯರಿಗೆ ಇದರಿಂದ ಒದಗುವ ಕರ್ತವ್ಯವೂ ಸರಳವಾದುದೇ. ಪಾಠ ಪಾಠಗಳ ನಡುವೆ ಮಕ್ಕಳನ್ನು ಎಬ್ಬಿಸಿ ನಡೆಸುವುದು, ಪದ್ಯವನ್ನು ಬಾಯಿಪಾಠ ಮಾಡಿಸುವಾಗ ಅಡ್ಡಾಡಲು ಬಿಡುವುದು, ಊರಿನ ಶಾಸನವನ್ನೋ ವೀರಗಲ್ಲನ್ನೋ ಪುಸ್ತಕದಲ್ಲಿ ತೋರಿಸುವ ಬದಲು ಅದು ನಿಂತ ಸ್ಥಳಕ್ಕೆ ನಡೆಸಿಕೊಂಡು ಹೋಗುವುದು ಇವೇ ಸಾಕು. ಚೇಷ್ಟೆ ಮಾಡಬೇಡವೆಂದು ಗದರಿಸುವ ಮುನ್ನ, ಆ ಹುಡುಗನು ಗೌತಮನ ಲಕ್ಷಣದಂತೆ ತನಗೆ ಶರೀರವಿರುವುದನ್ನು ತೋರಿಸುತ್ತಿದ್ದಾನೆಂದು ನೆನೆದರೆ ಒಳ್ಳೆಯದು.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೪ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕುವೆಂಪು ಅವರು ನಿಯಮವಾಗಿ ಅಡ್ಡಾಡುತ್ತಿದ್ದುದು ಸಾಹಿತ್ಯಾಭ್ಯಾಸಿಗಳಿಗೆ ತಿಳಿದ ಸಂಗತಿಯೇ. ನೀರುಗಂಟಿಯು ಏರಿಯ ಮೇಲೆ ನಡೆದು ಕೆರೆಯನ್ನು ಕಾಯ್ದನು. ಕವಿಯು ಏರಿಯ ಮೇಲೆ ನಡೆದು ತನ್ನ ಚಿತ್ತವನ್ನು ಕಾಯ್ದುಕೊಂಡನು. ಕನ್ನಡನಾಡಿನ ಊರೂರಿನಲ್ಲಿ ಹಿರಿಯರು ಬಿಟ್ಟುಹೋದ ಏರಿಗಳು ಇನ್ನೂ ಇವೆ. ಓಲೆಯಿಂದ ತಲೆಯೆತ್ತಿ, ಸಂಜೆಯ ಹೊತ್ತು ಅವುಗಳ ಮೇಲೆ ನೂರು ಹೆಜ್ಜೆ ನಡೆಯುವ ವಿದ್ವಾಂಸನಿಗೆ ಮರುದಿನದ ಓದು ಹಗುರವಾಗುವುದರಲ್ಲಿ ಸಂದೇಹವಿಲ್ಲ. ಅವನು ಕಣ್ಣಿಟ್ಟು ನಡೆದರೆ, ಏರಿಯ ಬಿರುಕೂ ಕಂಡೀತು.